ಮಾವನ ಕಿಸೆಯಲ್ಲಿದ್ದ ಕಿವಿ

ನಮ್ಮ ಮನೆಗೆ ಯಾರಾದರೂ ನೆಂಟರು ಬಂದು ಪಡಸಾಲೆಯಲ್ಲಿ ಕುಳಿತರೆಂದರೆ, ಚಹಾ ಬರುವುದರೊಳಗೆ ಮಾವ ಒಂದು ಕಥೆ ಹೇಳಿ ಮುಗಿಸಿರುತ್ತಿದ್ದರು. ನನ್ನ ಮಗಳು ಕೂಸಾಗಿದ್ದಾಗ ಅವಳಿಗೆ ಜ್ವರ ಬಂದ ಕಥೆ ಅದು. ಹೇಳುವ ಮೊದಲು ಅವಳನ್ನು ಕೈಹಿಡಿದು ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಅವಳ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಕೇಳುವುದು ಒಂದಿಷ್ಟು ಉಳಿದಿದೆ, ಅದಕ್ಕೊಂದು ಕೇಳಿಸುವ ಮಿಷನ್ನು ಹಾಕಿದ್ದೇವೆ. ಆ ಮಿಷನ್ನಿನ ಗುಣವೇನೆಂದರೆ, ಕಿವಿ ಯಾರದಾದರೂ ಎದೆಗೆ ಒತ್ತಿಕೊಂಡರೆ ಕುಂಯ್ ಎಂದು ಸಿಳ್ಳು ಹಾಕುತ್ತದೆ. ಕಥೆಗೆ ಅಡ್ಡಿಯಾಗುತ್ತದೆಂದು ಮಾವ ಅದನ್ನು ಮೆಲ್ಲಗೆ ಕಳಚಿ ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡು, ಆಮೇಲೆ ಶುರು ಮಾಡುತ್ತಿದ್ದರು.

“ಇಕಿ ಉಳದದ್ದು ನಮ್ ದೊಡ್ಡಾವನಿಂದ ನೋಡ್ರಿ. ಅವಾ ಕಲಬುರಗ್ಯಾಗ ಕುಂತು ಫೋನಿನ್ಯಾಗೇ ಜೀವಾ ಉಳಿಸ್ದ.”

ನಾನು ಒಳಗೆ ಚಹಾ ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಎಲ್ಲಿ ಅವರ ಗಂಟಲು ಕಟ್ಟುತ್ತದೆ, ಎಲ್ಲಿ ಹೆಗಲ ಮೇಲಿನ ಟವೆಲ್ಲು ಕಣ್ಣಿಗೆ ಹೋಗುತ್ತದೆ ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ನೆಂಟರು “ಪುಣ್ಯಾ ಮಾಡೀರಿ ಬಿಡ್ರಿ” ಎನ್ನುತ್ತಿದ್ದರು. ಆ ಕಥೆ ಸುಳ್ಳೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಎಷ್ಟು ದೊಡ್ಡ ಸುಳ್ಳೆಂದು ಗೊತ್ತಾದದ್ದು ಮಾತ್ರ ಹೋದ ಬೇಸಿಗೆಯಲ್ಲಿ.

ನಾನಿಲ್ಲಿ ತಪ್ಪೊಪ್ಪಿಗೆ ಬರೆಯಲು ಕುಳಿತಿಲ್ಲ. ತಾಯಿಯಾದವಳು ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು ಎಂದು ಹೇಳುವವರು ಊರ ತುಂಬ ಇದ್ದಾರೆ, ಅವರ ಕೆಲಸ ಅವರು ಮಾಡಲಿ. ನಡೆದದ್ದೇನೆಂದು ನಾನು ಹೇಳುತ್ತೇನೆ.

ನನ್ನ ತವರು ಆಳಂದ ಕಡೆಯ ಕಿಣ್ಣಿ ಸುಲ್ತಾನ. ಕೊಟ್ಟದ್ದು ಜೇವರ್ಗಿ ತಾಲೂಕಿನ ನೆಲೋಗಿಗೆ. ಮಾವನದು ಹೊಲಮನೆ ಚೆನ್ನಾಗಿರುವ, ಊರಲ್ಲಿ ಮಾತಿಗೆ ಬೆಲೆಯಿರುವ ಮನೆತನ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಅವರು ಪೂಜೆಗೆ ಕುಳಿತರೆಂದರೆ ಮುಗಿಯುವ ತನಕ ಮಾತಿಲ್ಲ, ಏಳುವುದಿಲ್ಲ, ಮನೆಯಲ್ಲಿ ಲೋಟದ ಸದ್ದೂ ಆಗುವ ಹಾಗಿಲ್ಲ. ಗಂಡುಮಕ್ಕಳಿಬ್ಬರು. ದೊಡ್ಡವರು ನನ್ನ ಭಾವ, ಕಲಬುರಗಿಯಲ್ಲಿ ಡಾಕ್ಟರು. ಚಿಕ್ಕವರು ನನ್ನ ಗಂಡ, ಅಫಜಲಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಮಾಸ್ತರು. ನಾನೂ ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೆ ಆ ಮನೆಯಲ್ಲಿ ನಮ್ಮಿಬ್ಬರ ಮಾಸ್ತರಿಕೆ ಯಾವ ಲೆಕ್ಕಕ್ಕೂ ಇರಲಿಲ್ಲ. ಲೆಕ್ಕಕ್ಕಿದ್ದದ್ದು ಭಾವನ ಡಾಕ್ಟರಿಕೆ ಒಂದೇ.

ಭಾವ ಕಣ್ಣಿನ ಡಾಕ್ಟರು. ಇದನ್ನು ಮಾವನ ಮುಂದೆ ಬಿಡಿಸಿ ಹೇಳುವ ಹಾಗಿರಲಿಲ್ಲ. “ಡಾಕ್ಟರ್ ಅಂದ್ರ ಡಾಕ್ಟರ್. ಕಣ್ಣಿನಾವ ಬ್ಯಾರೆ, ಮೂಗಿನಾವ ಬ್ಯಾರೆ ಅಂತ ಇರ್ತದೇನು? ಓದಿದ್ದು ಎಲ್ಲಾರೂ ಒಂದೇ ಬುಕ್ಕು” ಎನ್ನುತ್ತಿದ್ದರು. ರಸ್ತೆಗೆ ಬಾಗಿಲಿದ್ದ ಮುಂದಿನ ಖೋಲಿಯನ್ನು ಮಗನಿಗೆಂದೇ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಒಂದು ಟೇಬಲ್ಲು, ಮಂದಿ ಕೂರಲು ಒಂದು ಉದ್ದನೆಯ ಬಾಕು ಹಾಕಿಸಿದ್ದರು. ಭಾವ ರವಿವಾರ ಊರಿಗೆ ಬಂದರೆ ಆ ಖೋಲಿಯ ಮುಂದೆ ಮಂದಿ ಸೇರುತ್ತಿತ್ತು. ಮೊಣಕಾಲು ಹಿಡಿದವರು, ಕೆಮ್ಮುವವರು, ತಲೆಸುತ್ತಿನವರು, ಮದುವೆಯಾಗಿ ಮಕ್ಕಳಾಗದವರು. ಭಾವ ಮುಖ ಸಣ್ಣದು ಮಾಡಿಕೊಂಡು “ಇದು ನಂದಲ್ರಿ, ಬ್ಯಾರೆ ಡಾಕ್ಟರ್‌ಗಿ ತೋರಸ್ಬೇಕು” ಎಂದರೆ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತ ಮಾವ ಬಿಡುತ್ತಿರಲಿಲ್ಲ. “ಒಂದು ಗುಳಗಿ ಬರದು ಕೊಡಲೇ, ನಿನ್ನ ಕೈಗುಣಾನೇ ಸಾಕು.” ಭಾವ ಶಕ್ತಿಯ ಗುಳಿಗೆ ಬರೆದುಕೊಡುತ್ತಿದ್ದರು. ಎಷ್ಟೋ ಜನಕ್ಕೆ ಗುಣವೂ ಆಗುತ್ತಿತ್ತು. ಅದನ್ನು ಮಾವ ವಾರವಿಡೀ ಹೋಟೆಲ್ಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

ಇದರಿಂದ ಆ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿಕೊಂಡಿತ್ತು. ಮನೆಯವರು ಯಾರೂ ಬೇರೆ ಡಾಕ್ಟರ ಬಾಗಿಲು ತುಳಿಯಬಾರದು. ನಮ್ಮ ಮನೆಯವರೇ ಇನ್ನೊಬ್ಬರ ದವಾಖಾನೆಯ ಬಾಕಿನ ಮೇಲೆ ಚೀಟಿ ಹಿಡಿದು ಕುಳಿತದ್ದು ಊರಿನ ಯಾರಾದರೂ ನೋಡಿದರೆ ಏನಂದುಕೊಂಡಾರು? ಅತ್ತೆಗೆ ಒಮ್ಮೆ ಹಲ್ಲುನೋವಾಗಿ ಮುಖ ಊದಿಕೊಂಡಾಗಲೂ ಲವಂಗ ಕಚ್ಚಿಕೊಂಡು ಕಣ್ಣಿನ ಡಾಕ್ಟರು ಬರುವ ರವಿವಾರಕ್ಕೆ ಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ನಕ್ಕಿದ್ದೆ ಕೂಡ.

ಅದರಲ್ಲೂ ಜೇವರ್ಗಿಯ ಮಕ್ಕಳ ಡಾಕ್ಟರೆಂದರೆ ಮಾವನಿಗೆ ಆಗುತ್ತಿರಲಿಲ್ಲ. ಆ ಡಾಕ್ಟರು ನಮ್ಮ ಓಣಿಯವರೇ, ಭಾವನ ಜೊತೆ ಒಂದೇ ಶಾಲೆಯಲ್ಲಿ ಓದಿದವರು. ಯಾರು ಹೆಚ್ಚು ಎಂಬ ಪಂದ್ಯ ಆ ಇಬ್ಬರು ಹುಡುಗರ ನಡುವೆ ಇತ್ತೋ ಇಲ್ಲವೋ, ಅವರ ಅಪ್ಪಂದಿರ ನಡುವೆ ಇತ್ತು. ಆ ಡಾಕ್ಟರ ಅಪ್ಪ ತೀರಿಕೊಂಡು ವರ್ಷಗಳಾಗಿದ್ದರೂ ಮಾವನ ಮಟ್ಟಿಗೆ ಪಂದ್ಯ ಮುಗಿದಿರಲಿಲ್ಲ.

ಮೊದಲ ಹೆರಿಗೆ ತವರಿನಲ್ಲಾಯಿತು. ಐದನೇ ತಿಂಗಳಿನಲ್ಲಿ ನಮ್ಮವ್ವ ತೊಟ್ಟಿಲು, ಕುಲಾಯಿ, ಕೌದಿ, ಬೆಳ್ಳಿಯ ಗಿಲಿಕಿ ಎಲ್ಲ ಕೊಟ್ಟು ಕೂಸನ್ನೂ ನನ್ನನ್ನೂ ನೆಲೋಗಿಗೆ ಕಳಿಸಿದಳು. ಮಾವ ಅದೆಷ್ಟು ಸಂತೋಷಪಟ್ಟರೆಂದರೆ, ಹೆಣ್ಣು ಹುಟ್ಟಿತೆಂದು ಮೂಗು ಮುರಿದ ಒಬ್ಬ ನೆಂಟಳನ್ನು ಅಂಗಳದಲ್ಲೇ ಬೈದು ಕಳಿಸಿದರು. ಸಂಜೆಯಾದರೆ ತೊಟ್ಟಿಲ ಪಕ್ಕ ಕುಳಿತು ಗಿಲಿಕಿ ಆಡಿಸುತ್ತಿದ್ದರು. ಕೂಸು ಸದ್ದು ಬಂದ ಕಡೆಗೆ ಕತ್ತು ಹೊರಳಿಸಿ ಬೊಚ್ಚುಬಾಯಲ್ಲಿ ನಗುತ್ತಿತ್ತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಅವರು ಕೂಸಿನ ಮೇಲೆ ಜೀವವಿಲ್ಲದ ಮನುಷ್ಯ ಎಂದು ಯಾರೂ ತಿಳಿಯಬಾರದು. ಜೀವ ಇಟ್ಟುಕೊಂಡೇ ಅವರು ಹಾಗೆ ಮಾಡಿದರು, ಅದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಬಂದು ಇನ್ನೂ ಎರಡು ವಾರ ಆಗಿರಲಿಲ್ಲ. ಬೇಸಿಗೆ ರಜೆ, ಗಂಡ ಮನೆಯಲ್ಲೇ ಇದ್ದರು. ಒಂದು ಬೆಳಿಗ್ಗೆ ಹಾಲು ಕುಡಿಸಲು ಎತ್ತಿಕೊಂಡರೆ ಕೂಸಿನ ಮೈ ಕಾದ ಹಂಚಾಗಿತ್ತು. ನಮ್ಮ ಕಡೆಯ ಬಿಸಿಲಿಗೆ ಎಲ್ಲರ ಮೈಯೂ ಬಿಸಿಯಾಗಿಯೇ ಇರುತ್ತದೆ, ಆದರೆ ಇದು ಆ ಬಿಸಿಯಲ್ಲ. ಮನೆಯಲ್ಲಿದ್ದ ಜ್ವರದ ಹನಿ ಹಾಕಿದೆ. ಬಟ್ಟೆ ಸಡಿಲ ಮಾಡಿ, ಕೂಲರಿನ ಗಾಳಿ ನೇರ ಬಡಿಯದ ಹಾಗೆ ಮಲಗಿಸಿ, ಹಳೆಯ ಮೆತ್ತನೆ ಧೋತರದ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಹಣೆಗೆ, ಕಂಕುಳಿಗೆ, ತೊಡೆಗೆ ಒತ್ತುತ್ತಾ ಕುಳಿತೆ. ಬಟ್ಟೆ ನೋಡುನೋಡುತ್ತಲೇ ಒಣಗುತ್ತಿತ್ತು. ಅತ್ತೆ ಉಳ್ಳಾಗಡ್ಡಿ ಜಜ್ಜಿ ಪಾದಕ್ಕೆ ತಿಕ್ಕಿದರು, ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ನಾನು ಬೇಡ ಅನ್ನಲಿಲ್ಲ. ಕೈ ಸುಮ್ಮನೆ ಇಟ್ಟುಕೊಂಡು ನೋಡುವುದು ಅವರಿಂದಲೂ ಆಗುತ್ತಿರಲಿಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ.

ಹನಿ ಹಾಕಿದಾಗ ತುಸು ಇಳಿದ ಜ್ವರ ಮತ್ತೆ ಏರಿತು. ನಾನು ಗಂಡನಿಗೆ ಹೇಳಿದೆ: “ಜೇವರ್ಗಿಗಿ ಒಯ್ಯೋಣ್ರಿ. ಇಷ್ಟು ಸಣ್ಣ ಕೂಸಿಗಿ ಜ್ವರಾ ಬಂದ್ರ ಮನ್ಯಾಗ ಇಟ್ಕೊಂಡು ಕುಂದ್ರಬಾರ್ದು.”

“ಅಪ್ಪ ಅಣ್ಣಗ ಫೋನ್ ಮಾಡಾಕತ್ತಾನ, ತಡಿ” ಎಂದರು ಅವರು.

ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ಲು ಸಿಗುವುದು ಅಂಗಳದ ಬೇವಿನ ಗಿಡದ ಕೆಳಗೆ. ಮಾವ ಅಲ್ಲಿ ನಿಂತು ಮಾತಾಡುತ್ತಿದ್ದರು, ನನ್ನ ಗಂಡ ಅವರ ಪಕ್ಕದಲ್ಲಿ ನಿಂತಿದ್ದರು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ನೋಡುತ್ತಿದ್ದೆ. ಹೂಂ, ಹೂಂ ಎನ್ನುತ್ತಿದ್ದ ಮಾವ ಒಂದು ಸಲ ಮಾತ್ರ ದನಿ ಏರಿಸಿ “ಅವನ ಕಡಿ ಯಾಕಲೇ?” ಎಂದದ್ದು ಕೇಳಿಸಿತು. ಯಾರ ಕಡೆ, ಏನು ಎಂದು ಕೇಳುವಷ್ಟು ಸಮಾಧಾನ ನನಗಿರಲಿಲ್ಲ. ಒಳಗೆ ಬಂದವರು ನನ್ನ ಮುಖ ನೋಡದೆ, ಕೂಸಿನ ಕಾಲು ಮುಟ್ಟಿ ಹೇಳಿದರು.

“ಏನೂ ಆಗಂಗಿಲ್ಲ ಅಂದಾನ. ಹವಾಕ್ಕ ಬಂದ ಜ್ವರಾ ಅಂತ. ಹನಿ ಹಾಕ್ಕೋತ ಇರ್ರಿ, ತಾನೇ ಇಳೀತದ ಅಂದಾನ. ಫಿಕರ್ ಮಾಡಬ್ಯಾಡ ಯವ್ವಾ.”

ನೀನೇ ಯಾಕೆ ಭಾವನಿಗೆ ಫೋನು ಮಾಡಲಿಲ್ಲ ಎಂದು ಪಟ್ಟಣದ ಗೆಳತಿಯರು ಕೇಳುತ್ತಾರೆ. ಕೇಳುವುದು ಸುಲಭ. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ತಲೆಯ ಮೇಲೆ ಸೆರಗು ಹೊದ್ದು ಪಕ್ಕಕ್ಕೆ ಸರಿದು ನಿಲ್ಲಬೇಕು. ಅವರು ಏನಾದರೂ ಕೇಳಿದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳುತ್ತಾರೆ. ಮದುವೆಯಾದಾಗಿನಿಂದ ನಾನೂ ಭಾವನೂ ಎದುರಾಬದುರು ನಾಲ್ಕು ಮಾತಾಡಿದವರಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳದವರು ಕಲಿಯುವುದಿಲ್ಲ ಎಂದು ಪಾಠ ಹೇಳಿ, ಮನೆಗೆ ಬಂದು ಸೆರಗು ಹೊದ್ದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಕೂಸು ಕುಡಿದ ಹಾಲನ್ನೆಲ್ಲ ಕಾರಿತು. ಸಂಜೆಯ ಹೊತ್ತಿಗೆ ಅದರ ಅಳು ಬದಲಾಯಿತು. ಹಸಿವಿಗೆ, ನಿದ್ದೆಗೆ, ಒದ್ದೆಗೆ ಅದು ಅಳುವ ಪರಿ ನನಗೆ ಗೊತ್ತು. ಇದು ಸಣ್ಣಗೆ, ಚೂಪಾಗಿ, ಕೇಳಿದರೆ ಹಲ್ಲು ಜುಮ್ಮೆನ್ನುವ ಅಳು. ಎತ್ತಿಕೊಂಡರೆ ಸಮಾಧಾನವಾಗುವ ಬದಲು ಇನ್ನಷ್ಟು ಅಳುತ್ತಿತ್ತು. ನಾನು ಮತ್ತೆ ಜೇವರ್ಗಿ ಅಂದೆ. ಮಾವ ಪಡಸಾಲೆಯಿಂದಲೇ ಹೇಳಿದರು: “ಮನ್ಯಾಗ ಇಷ್ಟು ದೊಡ್ಡ ಡಾಕ್ಟರ್ ಇಟ್ಕೊಂಡು ಆ ಹುಡುಗನ ಬಾಕಿನ ಮ್ಯಾಲ ನನ್ನ ಮೊಮ್ಮಗಳು ಕುಂದ್ರಬೇಕಾ? ನಾಳಿ ಊರಾಗ ನಾ ಹೆಂಗ ತಲಿ ಎತ್ತಿ ತಿರಗ್ಲಿ?”

ಗಂಡ ಗೋಡೆಗೆ ಒರಗಿ ನಿಂತಿದ್ದರು. ಅವರ ಕಡೆ ನೋಡಿದೆ. ಅವರು ಕೂಲರಿನಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡಲು ಹೋದರು.

ಬೆಳಗಾಗುವ ತನಕ ನಾನೂ ಅತ್ತೆಯೂ ಸರದಿಯ ಮೇಲೆ ಬಟ್ಟೆ ಒತ್ತಿದೆವು. ಬೆಳಗಿನ ಹೊತ್ತಿಗೆ ಕೂಸು ಅಳುವುದನ್ನೂ ಬಿಟ್ಟಿತ್ತು. ಮಾವ ಅದನ್ನು ನೋಡಿ “ನೋಡ್ರಿ, ಆರಾಮಾಗಿ ಮಲಗ್ಯಾದ” ಎಂದರು. ಮತ್ತೆ ಬೇವಿನ ಗಿಡದ ಕೆಳಗೆ ಹೋಗಿ ಫೋನು ಮಾಡಿ ಬಂದರು. “ಅವಾ ತಾನೇ ಸಂಜಿಗಿ ಬರ್ತೇನಿ ಅಂದಾನ. ಅಲ್ಲೀತನಕಾ ಯಾರೂ ಎಲ್ಲೀ ಒಯ್ಯಬ್ಯಾಡ್ರಿ.” ಅಷ್ಟು ಹೇಳಿ ಸ್ನಾನ ಮಾಡಿ ಪೂಜೆಗೆ ಕುಳಿತರು.

ಅತ್ತೆ ದಿನಾ ಆ ಹೊತ್ತಿಗೆ ಕೂಸಿನ ನೆತ್ತಿಗೆ ಎಣ್ಣೆ ಹಾಕುತ್ತಿದ್ದರು. ಜ್ವರದ ಕೂಸಿಗೆ ಸ್ನಾನವಿಲ್ಲ, ಆದರೆ ನೆತ್ತಿ ಒಣಗಬಾರದೆಂದು ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಿಡಿದು ಬಂದರು. ತಲೆಯ ಮೇಲೆ ಕೈಯಿಟ್ಟವರು ಹಾಗೇ ನಿಂತುಬಿಟ್ಟರು. ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ದಿನಾ ಮೆತ್ತಗೆ ತಗ್ಗಾಗಿ ಮಿಡಿಯುತ್ತಿದ್ದ ಜಾಗ ಉಬ್ಬಿ, ಬಿಗಿದುಕೊಂಡಿತ್ತು. ಎಣ್ಣೆ ಅವರ ಅಂಗೈಯಿಂದ ನೆಲಕ್ಕೆ ಸೋರಿತು.

“ನಡಿ” ಎಂದರು ಅತ್ತೆ.

ಚಪ್ಪಲಿ ಹಾಕಿಕೊಳ್ಳಲೂ ಇಲ್ಲ. ಕೂಸನ್ನು ಕೌದಿಯ ತುಂಡಿನಲ್ಲಿ ಎತ್ತಿಕೊಂಡು ನಾನು ಹಿಂದೆ, ಅವರು ಮುಂದೆ. ಬಾಗಿಲಿಗೆ ಹೋಗಬೇಕಾದರೆ ಮಾವ ಪೂಜೆಗೆ ಕುಳಿತ ಪಡಸಾಲೆಯನ್ನು ದಾಟಿಯೇ ಹೋಗಬೇಕು. ಅಂಗೈಯ ಲಿಂಗದ ಮೇಲಿದ್ದ ಅವರ ಕಣ್ಣು ನಮ್ಮ ಕಡೆ ತಿರುಗಿತು. ಮಾತಾಡುವ ಹಾಗಿಲ್ಲ, ಏಳುವ ಹಾಗಿಲ್ಲ. “ಹೂಂ! ಹೂಂ!” ಎಂದು ಗಂಟಲಲ್ಲೇ ಗುಡುಗಿದರು. ಅತ್ತೆ ಮೊದಲೇ ಲೆಕ್ಕ ಹಾಕಿ ಆ ಹೊತ್ತು ಹಿಡಿದರೋ, ತಾನಾಗಿ ಹಾಗಾಯಿತೋ, ನಾನು ಕೇಳಿಲ್ಲ. ಗಂಡ ಮಾತ್ರ ಹೊಸ್ತಿಲಲ್ಲಿ ಅಡ್ಡ ನಿಂತು “ಅಪ್ಪ ಪೂಜಿ ಮುಗಸ್ಲಿ, ತಡೀಬೇ ಯವ್ವಾ” ಎಂದರು.

“ನೀ ತಡಿ” ಎಂದು ಅತ್ತೆ ಅವರನ್ನು ಸರಿಸಿ ಇಳಿದೇಬಿಟ್ಟರು.

ಬಸ್ಸಿಗೆ ಕಾಯಲಿಲ್ಲ. ಜೇವರ್ಗಿಗೆ ಹೊರಟಿದ್ದ ಒಂದು ಟಂಟಂ ಆಟೋ ಸಿಕ್ಕಿತು. ಕುಳಿತಿದ್ದ ಮಂದಿ ಕೂಸಿನ ಮುಖ ನೋಡಿ ತಾವೇ ಇಳಿದು ಜಾಗ ಬಿಟ್ಟರು. ದಾರಿಯುದ್ದಕ್ಕೂ ನಾನು ಕೂಸನ್ನು ಹೆಸರು ಹಿಡಿದು ಕರೆಯುತ್ತಾ ಹೋದೆ. ಅದು ಕಣ್ಣು ಅರ್ಧ ತೆರೆದುಕೊಂಡಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಮಿಷನ್ನಿಲ್ಲದೆ ಅದು ನನ್ನ ದನಿ ಕೇಳಿದ ಕೊನೆಯ ದಿನ ಅದೇ ಇರಬಹುದು, ಕೇಳಿತ್ತೋ ಇಲ್ಲವೋ ಅದೂ ಗೊತ್ತಿಲ್ಲ.

ಆ ಡಾಕ್ಟರು ಚೀಟಿ ಕೇಳಲಿಲ್ಲ, ಬಾಕಿನ ಮೇಲೆ ಕೂರಿಸಲಿಲ್ಲ. ನೆತ್ತಿ ಮುಟ್ಟಿದರು, ಕತ್ತಿನ ಹಿಂದೆ ಕೈಹಾಕಿ ಮೆಲ್ಲಗೆ ಎತ್ತಿ ನೋಡಿದರು. ಆಮೇಲೆ ಅವರ ಕೈ ಬೇಗಬೇಗ ಓಡಿತು. ಇಂಜೆಕ್ಷನ್ ಕೊಟ್ಟು, ಕಲಬುರಗಿಯ ದೊಡ್ಡ ದವಾಖಾನೆಗೆ ಫೋನು ಹಚ್ಚಿ, ಗಾಡಿಗೆ ಹೇಳಿ, ಆಮೇಲೆ ಅತ್ತೆಯನ್ನು ಕೇಳಿದರು: “ಯಾವಾಗಿಂದ ಜ್ವರಾ ದೊಡ್ಡವ್ವಾ?”

“ನಿನ್ನಿ ಮುಂಜಾನಿಯಿಂದ.”

“ನಿಮ್ ಮನ್ಯಾಗೇ ಡಾಕ್ಟರ್ ಅದಾನಲ್ಲ. ಅವಾ ಏನಂದ?”

“ಏನೂ ಆಗಂಗಿಲ್ಲ, ಹನಿ ಹಾಕ್ರಿ ಅಂದಾನಪಾ.”

ಡಾಕ್ಟರು ಒಂದು ಕ್ಷಣ ಕೈ ನಿಲ್ಲಿಸಿದರು. “ಅವಾ ಹಂಗ ಅನ್ನಾಂವ ಅಲ್ಲ” ಎಂದರು. ಗೆಳೆಯನನ್ನು ಬಿಟ್ಟುಕೊಡಲಾರದೆ ಹಾಗೆಂದರು ಎಂದುಕೊಂಡೆ.

ಮೆದುಳು ಜ್ವರ. ಕೂಸು ಸಾಯುತ್ತದೆಂದೇ ನಾನು ಅಂದುಕೊಂಡಿದ್ದೆ, ಸಾಯಲಿಲ್ಲ. ಕಲಬುರಗಿಯ ಆ ದವಾಖಾನೆಯಲ್ಲಿ ಬಹಳ ದಿನ ಇದ್ದೆವು. ಭಾವ ದಿನಾ ಬರುತ್ತಿದ್ದರು, ಅಲ್ಲಿನ ಡಾಕ್ಟರುಗಳ ಜೊತೆ ಮಾತಾಡುತ್ತಿದ್ದರು, ಹಣ್ಣು ಇಟ್ಟು ಹೋಗುತ್ತಿದ್ದರು. ನಾನು ಸೆರಗು ಹೊದ್ದು ಮುಖ ತಿರುಗಿಸಿ ಕೂರುತ್ತಿದ್ದೆ. ಸೆರಗು ಆಗ ನನಗೆ ಚಲೋ ಅನುಕೂಲವಾಗಿತ್ತು, ಒಳಗೆ ನಾನು ಹಲ್ಲು ಕಚ್ಚಿಕೊಂಡಿದ್ದು ಅವರಿಗೆ ಕಾಣುತ್ತಿರಲಿಲ್ಲ. ಅವರೂ ನನ್ನ ಕಡೆ ಒಂದು ನಮೂನಿ ಸಿಟ್ಟಿನಿಂದಲೇ ನೋಡುತ್ತಿದ್ದರು. ಫೋನಿನಲ್ಲಿ ಏನೂ ಆಗಂಗಿಲ್ಲ ಎಂದವನಿಗೆ ನನ್ನ ಮೇಲೆ ಎಂಥ ಸಿಟ್ಟು ಎಂದು ನನಗೆ ಇನ್ನಷ್ಟು ಉರಿಯಿತು. ಅತ್ತೆ ಸ್ವಂತ ಮಗನ ಜೊತೆ ಮಾತು ಕಡಿಮೆ ಮಾಡಿದರು. ಆಮೇಲೆ ಭಾವ ಊರಿಗೆ ಬಂದ ದಿನ ಊಟಕ್ಕೆ ಬಡಿಸಿ ಎದುರು ಕೂರದೆ ಒಳಗೆ ಹೋಗುತ್ತಿದ್ದರು. ಭಾವ ತಲೆತಗ್ಗಿಸಿ ಉಂಡು ಏಳುತ್ತಿದ್ದರು.

ಮನೆಗೆ ಬಂದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಮೊದಲೆಲ್ಲ ಅದಕ್ಕೆ ಬೆಚ್ಚಿ ಕೈಕಾಲು ಎತ್ತುತ್ತಿದ್ದ ಕೂಸು ತನ್ನ ಬೆರಳು ನೋಡಿಕೊಂಡು ಮಲಗಿತ್ತು. ನಾನು ತಾಟು ಬಡಿದೆ. ಅತ್ತೆ ಗಿಲಿಕಿ ತಂದು ಬೆನ್ನ ಹಿಂದೆ ಆಡಿಸಿದರು. ಕೂಸು ತಿರುಗಲಿಲ್ಲ. ಅತ್ತೆ ಆಡಿಸಿಯೇ ಆಡಿಸಿದರು, ನಾನು ಅವರ ಕೈ ಹಿಡಿದುಕೊಳ್ಳುವ ತನಕ. ಮಾವ ಬಹಳ ದಿನ ಒಪ್ಪಲಿಲ್ಲ. “ಕೂಸಿಗಿ ಧ್ಯಾನ ಬ್ಯಾರೆ ಕಡಿ ಅದ. ಹಟಮಾರಿ ಅದ, ನನ್ನಂಗ” ಎಂದು ನಗುತ್ತಿದ್ದರು. ಕಿವಿ ಪರೀಕ್ಷೆ ಮಾಡಿದವರನ್ನು ನಾನು ಕೇಳಿದೆ, ಒಂದು ದಿನ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು. “ಹಂಗ ಹೇಳಾಕ ಆಗಂಗಿಲ್ರೀ. ಜಲ್ದಿ ಬಂದಷ್ಟು ಛಲೋ ಇರ್ತದ” ಎಂದರು ಅವರು. ಆ ಮಾತನ್ನು ನಾನು ಎಷ್ಟು ಕಡೆಯಿಂದ ತಿರುಗಿಸಿ ನೋಡಿದ್ದೇನೆಂದು ಹೇಳಲಾರೆ.

ಅಷ್ಟರಲ್ಲಿ ಮಾವನ ಕಥೆ ಊರಲ್ಲಿ ಓಡಾಡತೊಡಗಿತ್ತು. ದೊಡ್ಡ ಮಗ ಫೋನಿನಲ್ಲೇ ರೋಗ ಹಿಡಿದನಂತೆ, ಹೇಳಿ ಜೇವರ್ಗಿಗೆ ಕಳಿಸಿದನಂತೆ, ಕಲಬುರಗಿಯಲ್ಲಿ ಎಲ್ಲ ತಯಾರಿ ಮಾಡಿ ನಿಂತಿದ್ದನಂತೆ. ಆ ಕಥೆಯಲ್ಲಿ ಅತ್ತೆ ಇಲ್ಲ, ನೆತ್ತಿಯಿಲ್ಲ, ಟಂಟಂ ಇಲ್ಲ, ಗಂಟಲಲ್ಲಿ ಗುಡುಗಿದ ಹೂಂ ಇಲ್ಲ. ನಾನು ಮೊದಮೊದಲು ಗಂಡನ ಹತ್ತಿರ ಹರಿಹಾಯುತ್ತಿದ್ದೆ. “ಮುದುಕರು, ಹೇಳ್ಕೊಳ್ಳಲಿ ಬಿಡು” ಎನ್ನುತ್ತಿದ್ದರು. ಮಗಳಿಗೆ ನಾಲ್ಕು ತುಂಬುವ ತನಕ ಹೀಗೇ ನಡೆಯಿತು.

ಹೋದ ಬೇಸಿಗೆಯ ಒಂದು ರವಿವಾರ. ಭಾವ ಊರಿಗೆ ಬಂದಿದ್ದರು, ಮುಂದಿನ ಖೋಲಿಯಲ್ಲಿ ಮಂದಿ ಸೇರಿತ್ತು. ನಾನು ಚಹಾ ತಟ್ಟೆ ಹಿಡಿದು ನಡುಬಾಗಿಲಲ್ಲಿ ನಿಂತಿದ್ದೆ. ಇಜೇರಿಯಿಂದ ಒಬ್ಬ ಹುಡುಗಿ, ಇನ್ನೂ ಬಾಣಂತಿಯ ಬಿಳಿಚು ಹೋಗದ ಮುಖ, ಜ್ವರದ ಕೂಸನ್ನು ತಂದಿದ್ದಳು. ಮಾವ ಹೆಮ್ಮೆಯಿಂದ “ಕೂಡ್ರವ್ವಾ, ನಮ್ ಹುಡುಗ ನೋಡ್ತಾನ” ಎಂದರು. ಭಾವ ಕುರ್ಚಿಯಿಂದ ಎದ್ದುಬಿಟ್ಟರು. ಅವರು ಅಷ್ಟು ದನಿಯೇರಿಸಿದ್ದನ್ನು ನಾನು ಕೇಳಿರಲಿಲ್ಲ.

“ಇಲ್ಲಿ ಒಂದು ನಿಮಿಷಾನೂ ಕೂಡ್ರಬ್ಯಾಡ. ಜೇವರ್ಗಿಗಿ ಮಕ್ಕಳ ಡಾಕ್ಟರ್ ಕಡಿ ಈಗೇ ನಡಿ. ನಾ ಕಣ್ಣಿನ ಡಾಕ್ಟರ್. ನಮ್ ಕೂಸಿಗಿ ಜ್ವರಾ ಬಂದಾಗೂ ಮುಂಜಾನಿ ಫೋನಿನ್ಯಾಗ ಇದೇ ಹೇಳಿದ್ದೆ, ಸಣ್ಣ ಕೂಸು, ಮೊದಲ ಅವನ ಕಡಿ ಒಯ್ರಿ ಅಂತ. ಮನ್ಯಾಗಿನ ಹೆಣ್ಣಮಕ್ಕಳು ಇಳಿ ತೆಗಿಯೂದ್ರಾಗ, ಉಳ್ಳಾಗಡ್ಡಿ ತಿಕ್ಕೂದ್ರಾಗ ಒಂದು ದಿನಾ ಕಳದ್ರು. ಏನಾತು ನೋಡೀರಿಲ್ಲ?”

ತಟ್ಟೆಯನ್ನು ಹೊಸ್ತಿಲ ಮೇಲಿಟ್ಟೆ. ಖೋಲಿಯೊಳಗೆ ಹೋದೆ. ತಲೆಯ ಮೇಲಿನ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ.

“ಭಾವಾರ, ನೀವು ಅವತ್ತು ಏನ್ ಹೇಳಿದ್ರಿ?”

ನಾನು ನೇರವಾಗಿ ಕೇಳಿದ್ದಕ್ಕೇ ಅವರು ಗಾಬರಿಯಾದರು. “ಜೇವರ್ಗಿಗಿ ಒಯ್ರಿ ಅಂದಿದ್ದೆ, ತಂಗಿ. ಎರಡ ಸಲಾ ಅಂದೆ. ಮರುದಿನಾ ಮುಂಜಾನಿ ಮತ್ತ ಅಂದೆ, ಇನ್ನೂ ಒಯ್ದಿಲ್ಲೇನು ಅಂತ ಬೈದೆ. ನೀವು ಒಪ್ಪವಲ್ಲಿರಿ ಅಂತ ಅಪ್ಪ ಹೇಳ್ದ.”

ನಾನು ಮಾವನ ಕಡೆ ನೋಡಿದೆ. ಅವರು ಟವೆಲ್ಲಿನಿಂದ ಟೇಬಲ್ಲು ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಬೇವಿನ ಗಿಡದ ಕೆಳಗೆ “ಅವನ ಕಡಿ ಯಾಕಲೇ” ಎಂದದ್ದು ಯಾರ ಕಡೆ ಎಂದು ಆಗ ತಿಳಿಯಿತು. ಮಗ ತನಗೆ ತಿಳಿಯದು ಎಂದದ್ದನ್ನು ಅವರು ಮನೆಯೊಳಗೆ ತರಲಾರದೆ ಹೋಗಿದ್ದರು. ಅದೂ ಜೇವರ್ಗಿಯ ಆ ಹುಡುಗನಿಗೆ ತಿಳಿಯುತ್ತದೆ ಎಂದದ್ದನ್ನು. ಆಮೇಲೆ ಭಾವನನ್ನು ನೋಡಿದೆ. ಈ ಮನುಷ್ಯನನ್ನು ನಾನು ಇಷ್ಟು ವರ್ಷ ಸುಮ್ಮಸುಮ್ಮನೆ ಶಪಿಸಿದ್ದೆ, ಅವರು ನನ್ನನ್ನು. “ನೀವು ಬರೇ ಹನಿ ಹಾಕ್ರಿ ಅಂದೀರಿ ಅಂತ ನಮಗ ಹೇಳಿದ್ರು” ಎಂದೆ. ಭಾವನಿಗೆ ಅದು ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರು ಬ್ಯಾಗು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಆ ಖೋಲಿಗೆ ಆಮೇಲೆ ಅವರು ಬಂದಿಲ್ಲ.

ಒಳಗೆ ಅತ್ತೆ ಜೋಳ ಹಸನು ಮಾಡುತ್ತಿದ್ದರು. ಎಲ್ಲ ಕೇಳಿಸಿತ್ತು. ಮೊರ ಕೆಳಗಿಟ್ಟು, “ನನ್ ಮಗನ ತಾಟಿನ ಮುಂದ ನಾ ಕುಂದ್ರಲಿಲ್ಲಲ್ಲಬೇ” ಎಂದರು. ಗಂಡ ಅಲ್ಲೇ ಇದ್ದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ನೋಡಿದ ಮೇಲೆ ನಾನು ಕೇಳಬೇಕಾದದ್ದೇನೂ ಇರಲಿಲ್ಲ, ಆದರೂ ಕೇಳಿದೆ.

“ನಿಮಗ ಗೊತ್ತಿತ್ತು.”

“ಬಾಜುಕೇ ನಿಂತಿದ್ನಲ್ಲ” ಎಂದರು. “ಅಪ್ಪನ ಮಾತು ಹೆಂಗ ಮೀರ್ಲಿ? ಆಮ್ಯಾಲ ಹೇಳಿ ಏನ್ ಮಾಡೂದಿತ್ತು? ಕಿವಿ ತಿರುಗಿ ಬರ್ತಿತ್ತೇನು?”

ಅವರನ್ನು ಬಿಟ್ಟು ತವರಿಗೆ ಹೋದೆಯಾ ಎಂದು ಕೇಳಬೇಡಿ. ಹೋಗಲಿಲ್ಲ. ಮಗಳನ್ನು ಮಾತು ಕಲಿಸುವ ಶಾಲೆಗೆ ಕರೆದೊಯ್ಯಬೇಕು, ನನ್ನ ನೌಕರಿ ಜೇವರ್ಗಿಯಲ್ಲಿದೆ, ಅತ್ತೆ ಇಲ್ಲದೆ ಇದ್ಯಾವುದೂ ನಡೆಯುವುದಿಲ್ಲ. ಒಂದೇ ಮನೆಯಲ್ಲಿದ್ದೇವೆ. ಗಂಡನಿಗೆ ಅನ್ನ ಸಾರು ಬೇಕೇ ಎಂದು ಕೇಳುತ್ತೇನೆ, ಬೇರೆ ಏನೂ ಕೇಳುವುದಿಲ್ಲ. ಮಾವ ಕಥೆ ಹೇಳುವುದನ್ನಾದರೂ ಬಿಡುತ್ತಾರೆಂದುಕೊಂಡಿದ್ದೆ.

ಮಳೆಗಾಲದ ಹೊತ್ತಿಗೆ ಅಫಜಲಪುರದಿಂದ ಮಾವನ ಹಳೆಯ ಬೀಗರು ಬಂದರು. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಮಾವ ನನ್ನ ಮಗಳನ್ನು ಎಳೆದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡರು, ಮಿಷನ್ನು ಕಳಚಿ ಕಿಸೆಗೆ ಹಾಕಿಕೊಂಡರು.

“ಇಕಿ ಉಳದದ್ದು ನಮ್ ದೊಡ್ಡಾವನಿಂದ ನೋಡ್ರಿ…”

ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ಆರಿಸಿ ಹೊರಗೆ ಬಂದೆ. ಸೊಸೆಯಾದವಳು ಮಾವನ ಮೈಮುಟ್ಟುವುದಿರಲಿ, ಅವರ ಎದುರು ನೆಟ್ಟಗೆ ನಿಲ್ಲಬಾರದ ಮನೆ ಅದು. ಬಗ್ಗಿ ಅವರ ಅಂಗಿಯ ಕಿಸೆಗೆ ಕೈಹಾಕಿ ಮಿಷನ್ನು ತೆಗೆದೆ. ಬೀಗರು ಬಾಯಿ ತೆರೆದು ನೋಡುತ್ತಿದ್ದರು. ಮಗಳ ಕೂದಲು ಸರಿಸಿ ಎಡಗಿವಿಗೆ ಹಾಕಿ, ಗುಂಡಿ ಒತ್ತಿ, ಅವಳ ಮುಖವನ್ನು ಮಾವನ ಕಡೆಗೆ ತಿರುಗಿಸಿದೆ. ಅವಳು ಅವರ ತುಟಿಗಳನ್ನೇ ನೋಡುತ್ತಾ ಕುಳಿತಳು, ಶಾಲೆಯಲ್ಲಿ ಕಲಿಸಿದ ಹಾಗೆ.

“ಈಗ ಹೇಳ್ರಿ ಮಾವಾರ” ಎಂದೆ. “ಅಕಿನೂ ಕೇಳ್ಲಿ. ಈ ಮನ್ಯಾಗ ಅಕಿ ಒಬ್ಬಾಕಿನೇ ಇದನ್ನ ಕೇಳಿಲ್ಲ.”

ಮಾವ ಅವಳ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಅವರ ಎದೆಗೆ ಒರಗಿದ್ದ ಮಗಳ ಕಿವಿಯಲ್ಲಿ ಮಿಷನ್ನು ಸಿಳ್ಳು ಹಾಕುತ್ತಲೇ ಇತ್ತು.